ಕೊಟ್ಟವರ ಫೈಲು

ಕಿಡ್ನಿ ಕಸಿಯಾದ ಮನೆಯಲ್ಲಿ ಸಾಮಾನ್ಯವಾಗಿ ಎರಡು ಫೈಲುಗಳಿರುತ್ತವೆ. ಕಿಡ್ನಿ ಪಡೆದವರ ಫೈಲು ವರ್ಷದಿಂದ ವರ್ಷಕ್ಕೆ ದಪ್ಪವಾಗುತ್ತ ಹೋಗುತ್ತದೆ: ರಕ್ತಪರೀಕ್ಷೆಯ ವರದಿಗಳು, ರಕ್ತದಲ್ಲಿ ಔಷಧದ ಪ್ರಮಾಣ ಎಷ್ಟಿದೆ ಎಂದು ಅಳೆದ ಹಾಳೆಗಳು, ಗುಳಿಗೆ ಬದಲಾಯಿಸಿದ ಚೀಟಿಗಳು, ಸ್ಕ್ಯಾನಿಂಗ್ ಚಿತ್ರಗಳು. ಕಿಡ್ನಿ ಕೊಟ್ಟವರದು ತೆಳ್ಳಗಿನ ಫೈಲು. ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಗಳು, ಡಿಸ್ಚಾರ್ಜ್ ಪತ್ರ, ಹೊಲಿಗೆ ಬಿಚ್ಚಿದ ದಿನದ ಒಂದು ಚೀಟಿ, ಬಹಳವಾದರೆ ಕೆಲವು ತಿಂಗಳ ನಂತರದ ಒಂದು ರಕ್ತಪರೀಕ್ಷೆ. ಅಲ್ಲಿಗೆ ಅದು ಬೀರು ಸೇರುತ್ತದೆ. ಬದುಕಿರುವಾಗಲೇ ಅಂಗ ಕೊಟ್ಟವರು ಆಮೇಲೆ ಹೇಗಿರುತ್ತಾರೆ ಎಂಬ ಪ್ರಶ್ನೆಗೆ ಜಗತ್ತಿನಲ್ಲಿ ಸಾಕಷ್ಟು ಒಳ್ಳೆಯ ಉತ್ತರಗಳಿವೆ. ಆ ಉತ್ತರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. ದಾನಿಯ ಮುಂದಿನ ಆರೋಗ್ಯವನ್ನು ನಿರ್ಧರಿಸುವುದು ಹೋದ ಕಿಡ್ನಿಯೊಂದೇ ಅಲ್ಲ. ಕೊಡುವ ಮೊದಲು ಅವರನ್ನು ಎಷ್ಟು ಕಟ್ಟುನಿಟ್ಟಾಗಿ ಪರೀಕ್ಷಿಸಿದರು, ಕೊಟ್ಟ ಮೇಲೆ ಎಷ್ಟು ವರ್ಷ ಅವರ ಮೇಲೆ ಕಣ್ಣಿಟ್ಟರು ಎಂಬುದು ಅಷ್ಟೇ ಮುಖ್ಯ. ಮೊದಲನೆಯದು ದೊಡ್ಡ ಊರಿನ ದೊಡ್ಡ ಆಸ್ಪತ್ರೆಯ ಕೆಲಸ. ಎರಡನೆಯದು ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಊರುಗಳಲ್ಲಿ ಆಗಬೇಕಾದ ಕೆಲಸ.

ಈ ನಾಲ್ಕು ತಾಲ್ಲೂಕುಗಳನ್ನು ಹೆಸರಿಸುವುದಕ್ಕೆ ಕಾರಣವಿದೆ. ಇವು ಸೇರಿರುವ ಉತ್ತರ ಕನ್ನಡ ಜಿಲ್ಲೆಯಲ್ಲಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂಬ ಕೂಗು ಹಳೆಯದು. 2022ರಲ್ಲಿ ಜಿಲ್ಲೆಯ ರೋಗಿಯೊಬ್ಬರನ್ನು ಹೊರಗೆ ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್‌ನಲ್ಲಿ ಅಪಘಾತಕ್ಕೀಡಾದ ನಂತರ ಅದು ಇಡೀ ಜಿಲ್ಲೆಯ ದನಿಯಾಯಿತು. ಘಟ್ಟದ ಮೇಲಿನ ಈ ಭಾಗದವರು ಕಿಡ್ನಿ ಕಸಿಗೆ ಬೆಳಗಾವಿ, ಹುಬ್ಬಳ್ಳಿ-ಧಾರವಾಡ, ಮಣಿಪಾಲ ಅಥವಾ ಬೆಂಗಳೂರಿನ ದಾರಿ ಹಿಡಿಯಬೇಕು. ದಾಂಡೇಲಿಯ ಬಂಗೂರನಗರದ ಪೇಪರ್ ಮಿಲ್ಲಿನಲ್ಲಿ ಪಾಳಿಯ ಮೇಲೆ ದುಡಿಯುವವರು, ಹಳಿಯಾಳ-ಮುಂಡಗೋಡದ ಭತ್ತ, ಹತ್ತಿ, ಗೋವಿನಜೋಳ, ಕಬ್ಬಿನ ಹೊಲದವರು, ಜೋಯಿಡಾದ ಕಾಡಿನೊಳಗೆ ಚದುರಿದ ಮನೆಗಳ ಕುಣಬಿಯರು, ಸಿದ್ದಿ ಕುಟುಂಬಗಳು, ಮುಂಡಗೋಡದ ಟಿಬೆಟನ್ ನಿರಾಶ್ರಿತರು ಇಲ್ಲಿನ ಜನ. ಬಹುಪಾಲು ಮೈ ಬಗ್ಗಿಸಿ ದುಡಿಯುವವರು. ಇಂಥವರ ಮನೆಯಲ್ಲಿ ಒಬ್ಬರು ಇನ್ನೊಬ್ಬರಿಗೆ ಕಿಡ್ನಿ ಕೊಟ್ಟರೆ ಕೊಟ್ಟವರೂ ಮರಳಿ ದುಡಿಯಲೇಬೇಕು. ಆದ್ದರಿಂದ ದಾನಿಯ ಬದುಕಿನ ಗುಣಮಟ್ಟ ಎಂಬುದು ಇಲ್ಲಿ ಅನ್ನದ ಪ್ರಶ್ನೆಯೂ ಹೌದು.

ಮೊದಲು ದೇಹದ ಲೆಕ್ಕ. ಎರಡು ಕಿಡ್ನಿಗಳಲ್ಲಿ ಒಂದನ್ನು ತೆಗೆದರೆ ಶಕ್ತಿ ಅರ್ಧಕ್ಕೆ ಇಳಿಯುತ್ತದೆ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಉಳಿದ ಕಿಡ್ನಿ ಕೆಲವೇ ದಿನಗಳಲ್ಲಿ ಹೆಚ್ಚು ರಕ್ತವನ್ನು ಸೋಸತೊಡಗುತ್ತದೆ, ಗಾತ್ರದಲ್ಲೂ ಸ್ವಲ್ಪ ಹಿಗ್ಗುತ್ತದೆ. ಕೊನೆಗೆ ಒಟ್ಟು ಸೋಸುವ ಸಾಮರ್ಥ್ಯ ಮೊದಲಿದ್ದುದರ ಶೇ 65ರಿಂದ 70ರ ಹತ್ತಿರ ನಿಲ್ಲುತ್ತದೆ. ದಿನನಿತ್ಯದ ಬದುಕಿಗೆ ಇಷ್ಟು ಧಾರಾಳ ಸಾಕು. ಹುಟ್ಟಿನಿಂದಲೇ ಒಂದೇ ಕಿಡ್ನಿ ಇದ್ದು, ಅದು ಗೊತ್ತೇ ಇಲ್ಲದೆ ವೃದ್ಧಾಪ್ಯ ಮುಟ್ಟಿದವರು ಎಷ್ಟೋ ಊರುಗಳಲ್ಲಿ ಇದ್ದಾರೆ. ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ 1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್‌ನಲ್ಲಿ ಜೋಸೆಫ್ ಮರ್ರಿ ನೇತೃತ್ವದಲ್ಲಿ ನಡೆಯಿತು. ಅವಳಿ ಅಣ್ಣತಮ್ಮಂದಿರಲ್ಲಿ ಕಿಡ್ನಿ ಪಡೆದ ರಿಚರ್ಡ್ ಹೆರಿಕ್ ಎಂಟು ವರ್ಷ ಬದುಕಿದರು. ಕೊಟ್ಟ ರೊನಾಲ್ಡ್ ಹೆರಿಕ್ ಶಾಲೆಯಲ್ಲಿ ಗಣಿತ ಕಲಿಸುತ್ತ, ಜಮೀನಿನಲ್ಲಿ ದುಡಿಯುತ್ತ 56 ವರ್ಷ ಬಾಳಿ, 2010ರಲ್ಲಿ ತಮ್ಮ 79ನೆಯ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ದೇಶದಲ್ಲಿ ಈ ಚಿಕಿತ್ಸೆ ಬೇರೂರಿದ್ದು 1971ರಲ್ಲಿ, ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ.

ಒಬ್ಬರ ಕಥೆಯಿಂದ ಎಲ್ಲರ ಭವಿಷ್ಯ ಹೇಳಲಾಗದು; ಸಾವಿರಾರು ಜನರ ಲೆಕ್ಕ ಬೇಕು. ಸ್ವೀಡನ್ನಿನ ವೈದ್ಯರು 1997ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಕಿಡ್ನಿ ಕೊಟ್ಟವರು ಉಳಿದ ಜನರಿಗಿಂತ ಹೆಚ್ಚು ಕಾಲ ಬದುಕಿದ್ದರು. 2009ರಲ್ಲಿ ಅಮೆರಿಕದ ಮಿನೆಸೋಟಾ ವಿಶ್ವವಿದ್ಯಾಲಯ 1963ರಿಂದ 2007ರವರೆಗಿನ 3,698 ದಾನಿಗಳನ್ನು ಗಮನಿಸಿ, ಅವರ ಆಯುಸ್ಸು ಸಾಮಾನ್ಯ ಜನರಷ್ಟೇ ಇದೆ, ಕಿಡ್ನಿ ವೈಫಲ್ಯ ಇನ್ನೂ ಕಡಿಮೆ ಎಂದಿತು. ಆಸ್ಪತ್ರೆಗಳ ಸಮಾಲೋಚನೆ ಕೋಣೆಯಲ್ಲಿ ‘ಏನೂ ಆಗುವುದಿಲ್ಲ’ ಎಂಬ ಧೈರ್ಯದ ಮಾತಿಗೆ ಬೆನ್ನೆಲುಬಾಗಿ ನಿಂತದ್ದು ಇಂಥ ಅಧ್ಯಯನಗಳೇ. ಅವು ಸುಳ್ಳಲ್ಲ. ಆದರೆ ಹೋಲಿಕೆಯಲ್ಲಿ ಒಂದು ಕೊರತೆ ಇತ್ತು. ಕಿಡ್ನಿ ಕೊಡಲು ಒಪ್ಪಿಗೆ ಪಡೆದವರು ಜರಡಿ ಹಿಡಿದು ಆರಿಸಿದ ಆರೋಗ್ಯವಂತರು. ಸಕ್ಕರೆ ಕಾಯಿಲೆ, ಹತೋಟಿಗೆ ಬಾರದ ಬಿ.ಪಿ., ಮೂತ್ರದಲ್ಲಿ ಪ್ರೋಟೀನ್ ಇದ್ದವರು ಆ ಜರಡಿಯಲ್ಲೇ ಉಳಿದುಬಿಡುತ್ತಾರೆ. ಅಂಥ ಆಯ್ದ ಜನರನ್ನು ರೋಗಿಗಳೂ ಸೇರಿರುವ ಇಡೀ ಜನಸಂಖ್ಯೆಗೆ ಹೋಲಿಸಿದರೆ ಅವರು ಮೇಲಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಅದೇ ಮನುಷ್ಯ ಕಿಡ್ನಿ ಕೊಡದೆ ಇದ್ದಿದ್ದರೆ ಹೇಗಿರುತ್ತಿದ್ದ?

2014ರಲ್ಲಿ ಆ ಪ್ರಶ್ನೆಯನ್ನು ನೇರವಾಗಿ ಕೇಳಲಾಯಿತು. ಅಮೆರಿಕದ 96,217 ದಾನಿಗಳನ್ನು ಅಷ್ಟೇ ಆರೋಗ್ಯವಂತರಾಗಿದ್ದ, ಆದರೆ ಕಿಡ್ನಿ ಕೊಡದ ಜನರ ಜೊತೆ ಹೋಲಿಸಿದರು. ಹದಿನೈದು ವರ್ಷಗಳಲ್ಲಿ ಕಿಡ್ನಿ ಪೂರ್ತಿ ಕೈಕೊಟ್ಟದ್ದು ದಾನಿಗಳಲ್ಲಿ ಹತ್ತು ಸಾವಿರಕ್ಕೆ ಸುಮಾರು 31 ಮಂದಿಗೆ, ಕೊಡದ ಆರೋಗ್ಯವಂತರಲ್ಲಿ ಸುಮಾರು 4 ಮಂದಿಗೆ. ಜೀವಮಾನದ ಅಂದಾಜಿನಲ್ಲಿ ದಾನಿಗಳಿಗೆ ಹತ್ತು ಸಾವಿರಕ್ಕೆ 90, ಕೊಡದ ಆರೋಗ್ಯವಂತರಿಗೆ 14, ಯಾವ ಜರಡಿಯನ್ನೂ ಹಾಯದ ಸಾಮಾನ್ಯ ಜನರಿಗೆ 326. ಅದೇ ವರ್ಷ ನಾರ್ವೆಯಿಂದ ಬಂದ 1,901 ದಾನಿಗಳ ಅಧ್ಯಯನವೂ ಅಪಾಯ ಹೆಚ್ಚುವುದನ್ನು ತೋರಿಸಿತು. ಈ ಅಂಕಿಗಳನ್ನು ಎರಡು ಕಡೆಯಿಂದಲೂ ತಿರುಚಬಹುದು. ‘ಅಪಾಯ ಎಂಟು ಪಟ್ಟು’ ಎಂದು ಹೆದರಿಸಬಹುದು. ‘ನೂರಕ್ಕೆ ಒಬ್ಬರಿಗೂ ಇಲ್ಲ’ ಎಂದು ಮುಚ್ಚಿಹಾಕಬಹುದು. ಎರಡನ್ನೂ ಒಟ್ಟಿಗೆ ಹೇಳುವುದೇ ಸರಿ. ಅಪಾಯ ಚಿಕ್ಕದು, ಆದರೆ ಇದೆ. ಮತ್ತು ಅದು ಬರುವುದು ಆಪರೇಷನ್ ಆದ ವಾರದಲ್ಲಲ್ಲ, ಹತ್ತು-ಹದಿನೈದು ವರ್ಷ ಕಳೆದ ಮೇಲೆ, ಎಲ್ಲರೂ ಮರೆತಾಗ. ಶಸ್ತ್ರಚಿಕಿತ್ಸೆಯ ಅಪಾಯವಂತೂ ಇಳಿಯುತ್ತಲೇ ಬಂದಿದೆ. 1995ರಲ್ಲಿ ಲ್ಯಾಪ್ರೊಸ್ಕೋಪಿಯಿಂದ ಕಿಡ್ನಿ ತೆಗೆಯುವ ವಿಧಾನ ಬಂದ ಮೇಲೆ ಪಕ್ಕೆಯ ಉದ್ದ ಗಾಯ ತಪ್ಪಿತು. ಅಮೆರಿಕದಲ್ಲಿ ಮೂರು ತಿಂಗಳೊಳಗಿನ ಸಾವು ಹಿಂದೆ ಹತ್ತು ಸಾವಿರ ದಾನಿಗಳಿಗೆ ಸುಮಾರು ಮೂರು ಇದ್ದದ್ದು, ಕಳೆದ ದಶಕದಲ್ಲಿ ಒಂದಕ್ಕೂ ಕೆಳಗೆ ಬಂದಿದೆ.

ಇನ್ನು ಬದುಕಿನ ಗುಣಮಟ್ಟ. ಇದನ್ನು ಅಳೆಯಲು ಸಂಶೋಧಕರು ಹೆಚ್ಚಾಗಿ ಬಳಸುವುದು 36 ಪ್ರಶ್ನೆಗಳ ಒಂದು ನಮೂನೆಯನ್ನು. ಮೆಟ್ಟಿಲು ಹತ್ತಬಲ್ಲಿರಾ, ಅಂಗಡಿಯ ಸಾಮಾನು ಹೊರಬಲ್ಲಿರಾ, ಮೈಲಿ ದೂರ ನಡೆಯಬಲ್ಲಿರಾ, ನೋವಿನಿಂದ ಕೆಲಸ ನಿಂತಿತೇ, ಮನಸ್ಸು ಕುಗ್ಗಿತ್ತೇ. ಹೆಚ್ಚಿನ ದೇಶಗಳಲ್ಲಿ ದಾನಿಗಳ ಅಂಕಗಳು ಸಾಮಾನ್ಯ ಜನರಷ್ಟೇ ಇವೆ, ಇಲ್ಲವೇ ಮೇಲಿವೆ. ‘ಮತ್ತೆ ಅವಕಾಶ ಸಿಕ್ಕರೆ ಕೊಡುತ್ತೀರಾ’ ಎಂದರೆ ಬಹುತೇಕ ಎಲ್ಲರೂ ಹೌದು ಎನ್ನುತ್ತಾರೆ. ಕೊಟ್ಟ ಸಮಾಧಾನವೂ ಆರೋಗ್ಯದ ಒಂದು ಭಾಗವೇ. ಆದರೆ ಸರಾಸರಿಯ ಕೆಳಗೆ ಉಳಿಯುವ ಸಣ್ಣ ಗುಂಪನ್ನು ನೋಡಿದಾಗ ಮೂರು ಬಗೆಯ ಜನ ಪದೇ ಪದೇ ಸಿಗುತ್ತಾರೆ: ಕೊಟ್ಟ ಕಿಡ್ನಿ ಬೇಗ ವಿಫಲವಾದವರು ಅಥವಾ ಪಡೆದವರನ್ನು ಕಳೆದುಕೊಂಡವರು, ಆಪರೇಷನ್ ನಂತರ ತೊಡಕಾದವರು, ಹಣದ ಮುಗ್ಗಟ್ಟಿಗೆ ಸಿಕ್ಕವರು. ಮೂರನೆಯದು ನಮ್ಮ ಕಡೆಗೆ ಹೆಚ್ಚು ಸಲ್ಲುತ್ತದೆ. ಆ ನಮೂನೆಯ ‘ಅಂಗಡಿಯ ಸಾಮಾನು’ ಹಳಿಯಾಳದ ಹೊಲದಲ್ಲಿ ಭತ್ತದ ಚೀಲವಾಗುತ್ತದೆ, ಜೋಯಿಡಾದಲ್ಲಿ ಏರು ದಾರಿಯ ಸೌದೆ ಹೊರೆಯಾಗುತ್ತದೆ. ನಾಲ್ಕಾರು ವಾರ ಭಾರ ಎತ್ತಬೇಡಿ ಎಂದು ಡಿಸ್ಚಾರ್ಜ್ ಪತ್ರದಲ್ಲಿ ಬರೆಯುವುದು ಸುಲಭ. ಆ ವಾರಗಳು ನಾಟಿಯ ಹಂಗಾಮಿಗೆ ಬಿದ್ದರೆ ಕೂಲಿ ಯಾರು ಕೊಡಬೇಕು?

ಹಣದ ಮುಗ್ಗಟ್ಟು ದೇಹವನ್ನು ಹೇಗೆ ತಟ್ಟುತ್ತದೆ ಎಂಬುದಕ್ಕೆ ನಮ್ಮ ನೆರೆಯಲ್ಲೇ ಒಂದು ಕಠೋರ ಸಾಕ್ಷಿ ಇದೆ. 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ಚೆನ್ನೈನಲ್ಲಿ ಕಿಡ್ನಿ ಮಾರಿಕೊಂಡ 305 ಜನರನ್ನು, ಮಾರಿ ಸರಾಸರಿ ಆರು ವರ್ಷಗಳಾದ ಮೇಲೆ, ಮಾತನಾಡಿಸಿತ್ತು. ಅವರಲ್ಲಿ ಶೇ 96 ಮಂದಿ ಮಾರಿದ್ದು ಸಾಲ ತೀರಿಸಲು. ಆಮೇಲೆ ಕುಟುಂಬದ ಆದಾಯ ಮೂರನೇ ಒಂದು ಭಾಗ ಕುಸಿದಿತ್ತು. ಆರೋಗ್ಯ ಕೆಟ್ಟಿತು ಎಂದವರು ಶೇ 86. ತೆಗೆದದ್ದು ಸ್ವೀಡನ್ನಿನಲ್ಲೂ ಒಂದೇ ಕಿಡ್ನಿ, ಚೆನ್ನೈನಲ್ಲೂ ಒಂದೇ ಕಿಡ್ನಿ. ಒಂದು ಕಡೆ ದೀರ್ಘಾಯುಸ್ಸು, ಇನ್ನೊಂದು ಕಡೆ ಮುರಿದ ಮೈ. ನಡುವೆ ಇದ್ದ ವ್ಯತ್ಯಾಸ ಆಯ್ಕೆ, ಆರೈಕೆ, ಅನ್ನ. ದಾನಿಗೆ ದುಡ್ಡು ಕೊಟ್ಟುಬಿಟ್ಟರೆ ಸಮಸ್ಯೆ ತೀರುತ್ತದೆ ಎನ್ನುವವರಿಗೂ ಈ ಅಧ್ಯಯನವೇ ಉತ್ತರ. ಕೊಂಡವನು ಮಾರಿದವನ ಆರೋಗ್ಯ ವಿಚಾರಿಸಲು ಮರಳಿ ಬರುವುದಿಲ್ಲ. 1994ರ ಮಾನವ ಅಂಗಗಳ ಕಸಿ ಕಾಯ್ದೆ ಮಾರಾಟವನ್ನು ನಿಷೇಧಿಸಿತು. 2011ರ ತಿದ್ದುಪಡಿ ಶಿಕ್ಷೆಯನ್ನು ಹತ್ತು ವರ್ಷದವರೆಗಿನ ಜೈಲು, ಒಂದು ಕೋಟಿ ರೂಪಾಯಿವರೆಗಿನ ದಂಡಕ್ಕೆ ಏರಿಸಿತು. ಅದು ಸರಿಯಾಗಿಯೇ ಆಯಿತು. ಆದರೆ ಮಾರಾಟ ತಡೆಯುವ ಕಾನೂನು ದಾನ ಕೊಟ್ಟವರನ್ನು ಕಾಯುವ ವ್ಯವಸ್ಥೆ ತಾನಾಗಿಯೇ ಆಗುವುದಿಲ್ಲ. ಸಂಬಂಧದ ಪುರಾವೆ, ಒಪ್ಪಿಗೆ, ಅನುಮತಿ ನೀಡುವ ಸಮಿತಿಯ ಸಂದರ್ಶನ, ಹೀಗೆ ಕಾಯ್ದೆಯ ಎಚ್ಚರಿಕೆಯೆಲ್ಲ ಆಪರೇಷನ್ ಥಿಯೇಟರಿನ ಬಾಗಿಲ ತನಕ ಗಟ್ಟಿಯಾಗಿದೆ. ಆಚೆಗೆ ಅದು ತೆಳುವಾಗುತ್ತದೆ.

ಕೊಡುವವರು ಯಾರು ಎಂದೂ ನೋಡಬೇಕು. ರಾಷ್ಟ್ರೀಯ ಅಂಗಾಂಗ ಕಸಿ ಸಂಸ್ಥೆ ನೊಟ್ಟೊದ ಅಂಕಿಗಳ ಪ್ರಕಾರ 2023ರಲ್ಲಿ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರಲ್ಲಿ 9,784 ಮಂದಿ ಮಹಿಳೆಯರು, 5,651 ಮಂದಿ ಪುರುಷರು. ಪಡೆದವರಲ್ಲಿ ಪುರುಷರದೇ ದೊಡ್ಡ ಪಾಲು. ತಾಯಿ ಮಗನಿಗೆ, ಹೆಂಡತಿ ಗಂಡನಿಗೆ. ಪ್ರೀತಿಯಿಂದ ಕೊಟ್ಟದ್ದನ್ನು ಸಂಶಯದಿಂದ ನೋಡಬಾರದು ಎಂಬ ಆಕ್ಷೇಪ ಬರುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ನಿಜವೇ. ಆದರೆ ‘ದುಡಿಯುವವನು ಉಳಿಯಬೇಕು, ನಾನು ಮನೆಯಲ್ಲೇ ಇರುವವಳಲ್ಲವೇ’ ಎಂಬ ಲೆಕ್ಕವೂ ಆ ಪ್ರೀತಿಯೊಳಗೆ ಸೇರಿಕೊಂಡಿರುತ್ತದೆ. ನಾಟಿ, ಕಳೆ, ಕೊಯ್ಲು, ಹಾಲು, ನೀರು ಯಾವುದೂ ಕೆಲಸವಲ್ಲ ಎಂಬಂತೆ. ದಾನಿ ಮಹಿಳೆಯಾಗಿದ್ದರೆ ಹೆಚ್ಚಿನ ಎಚ್ಚರ ವಹಿಸಬೇಕು, ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರನ್ನು ಬಿಟ್ಟು ಬೇರೆಯವರಿಂದ ಖಚಿತಪಡಿಸಿಕೊಳ್ಳಬೇಕು ಎಂದು ಅಂಗ ಕಸಿ ಕಾಯ್ದೆಯ 2014ರ ನಿಯಮಗಳೇ ಹೇಳಿವೆ. ಎಳೆ ವಯಸ್ಸಿನ ಹೆಣ್ಣುಮಕ್ಕಳಿಗೆ ಹೇಳಲೇಬೇಕಾದ ಇನ್ನೊಂದು ಮಾತಿದೆ. ಕೆನಡಾದ ಒಂಟಾರಿಯೊದಲ್ಲಿ ಕಿಡ್ನಿ ಕೊಟ್ಟ ನಂತರ ಗರ್ಭ ಧರಿಸಿದವರಲ್ಲಿ ಬಸುರಿನ ಬಿ.ಪಿ. ತೊಂದರೆ ಶೇ 11ರಷ್ಟು ಕಂಡುಬಂದರೆ, ಕೊಡದವರಲ್ಲಿ ಅದು ಶೇ 5. ತಾಯಿ-ಮಗು ಬಹುತೇಕ ಕ್ಷೇಮವಾಗಿಯೇ ಇದ್ದರು. ಆದರೂ ಬಸುರಿನಲ್ಲಿ ಅವರ ಬಿ.ಪಿ.ಯನ್ನು ಹತ್ತಿರದಿಂದ ನೋಡಿಕೊಳ್ಳಬೇಕು. ಮುಂಡಗೋಡದ ಹಳ್ಳಿಯೊಂದರಲ್ಲಿ ಬಸುರಿಯರನ್ನು ನೋಡಿಕೊಳ್ಳುವ ಆಶಾ ಕಾರ್ಯಕರ್ತೆಗೆ ‘ಇವರಿಗೆ ಒಂದೇ ಕಿಡ್ನಿ’ ಎಂಬುದು ಗೊತ್ತಿರಬೇಕಾದದ್ದು ಇದಕ್ಕಾಗಿ.

ನಮ್ಮ ನೆಲಕ್ಕೇ ಸೇರಿದ ಅಪಾಯಗಳನ್ನು ವಿದೇಶದ ಅಧ್ಯಯನಗಳು ಹೇಳುವುದಿಲ್ಲ. ಮಳೆಗಾಲದ ಗದ್ದೆಯಲ್ಲಿ ಕೊಳಕುಮಂಡಲ ಕಚ್ಚಿದರೆ ಅದರ ವಿಷ ಕಿಡ್ನಿಗೆ ನೇರ ಪೆಟ್ಟು ಕೊಡುತ್ತದೆ. ಕೆಸರಲ್ಲಿ ಬರಿಗಾಲಲ್ಲಿ ದುಡಿಯುವವರನ್ನು ಕಾಡುವ ಇಲಿಜ್ವರವೂ ಹಾಗೆಯೇ. ಎರಡು ಕಿಡ್ನಿ ಇದ್ದವರಿಗೇ ಡಯಾಲಿಸಿಸ್ ಬೇಕಾಗುವ ಸಂದರ್ಭಗಳಿವು. ಒಂದೇ ಇರುವವರ ಕೈಯಲ್ಲಿ ಮೀಸಲು ಕಡಿಮೆ, ಆದ್ದರಿಂದ ಕಾಯುವ ಹೊತ್ತೂ ಕಡಿಮೆ. ಇವೆರಡಕ್ಕಿಂತ ದಿನನಿತ್ಯದ ಅಪಾಯ ನೋವಿನ ಗುಳಿಗೆ. ಸೊಂಟ ಹಿಡಿದಾಗ, ಮೈಕೈ ನೋವಿದ್ದಾಗ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುವ ಡೈಕ್ಲೋಫಿನಾಕ್, ಐಬುಪ್ರೊಫೆನ್ ಬಗೆಯ ಗುಳಿಗೆಗಳನ್ನು ದಾನಿ ವರ್ಷಗಟ್ಟಲೆ ನುಂಗುತ್ತಿದ್ದರೆ ಉಳಿದ ಕಿಡ್ನಿಗೆ ಅದು ಸದ್ದಿಲ್ಲದ ಪೆಟ್ಟು. ಕೂಲಿ ಕೆಲಸದವರಿಗೆ ಮೈನೋವು ತಪ್ಪಿದ್ದಲ್ಲ. ಹಾಗಾಗಿ ಯಾವ ಗುಳಿಗೆ ಬೇಡ ಎಂಬುದನ್ನು ಮನೆಯವರಿಗೂ ಅರ್ಥವಾಗುವ ಕನ್ನಡದಲ್ಲಿ ಡಿಸ್ಚಾರ್ಜ್ ಪತ್ರದ ಮೊದಲ ಸಾಲಿನಲ್ಲೇ ಬರೆಯಬೇಕು.

ತೆಳ್ಳಗಿನ ಫೈಲು ಏಕೆ ಮುಖ್ಯ ಎಂಬುದಕ್ಕೆ ಒಂದು ಲೆಕ್ಕ ನೋಡೋಣ. ನಲವತ್ತೈದರ ಹೆಣ್ಣುಮಗಳೊಬ್ಬರ ರಕ್ತದಲ್ಲಿ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಲ್ಮಶ, 1.2 ಬಂತೆನ್ನಿ. ಅನೇಕ ಲ್ಯಾಬ್‌ಗಳ ಅಚ್ಚಾದ ಹಾಳೆಯಲ್ಲಿ ಅದು ‘ಸಾಮಾನ್ಯ’ದ ಅಂಚಿನೊಳಗೇ ಇರುತ್ತದೆ. ಆದರೆ ವಯಸ್ಸು, ಲಿಂಗ ಸೇರಿಸಿ ಲೆಕ್ಕ ಹಾಕಿದರೆ ಆಕೆಯ ಕಿಡ್ನಿಯ ಸೋಸುವ ವೇಗ ನಿಮಿಷಕ್ಕೆ 60 ಮಿ.ಲೀ.ಗಿಂತ ತುಸು ಕೆಳಗೆ ಬರುತ್ತದೆ. ಕಿಡ್ನಿ ಕೊಟ್ಟವರಲ್ಲಿ ಈ ಅಂಕಿ ಹತ್ತು ವರ್ಷದಿಂದ ಅಲ್ಲೇ ನಿಂತಿದ್ದರೆ ಭಯಪಡಬೇಕಾಗಿಲ್ಲ. ಹೋದ ವರ್ಷ 0.9 ಇದ್ದು ಈಗ 1.2 ಆಗಿದ್ದರೆ ಕೂಡಲೇ ಕಾರಣ ಹುಡುಕಬೇಕು. ಒಂದೇ ಹಾಳೆ ನೋಡಿದ ವೈದ್ಯರಿಗೆ ಇದು ತಿಳಿಯುವುದಿಲ್ಲ, ಸಾಲಾಗಿ ಹತ್ತು ಹಾಳೆಗಳಿದ್ದರೆ ತಿಳಿಯುತ್ತದೆ. ಬೇಕಾದದ್ದು ಮೂರು ಪರೀಕ್ಷೆ, ವರ್ಷಕ್ಕೊಮ್ಮೆ: ಬಿ.ಪಿ., ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್. ಜೊತೆಗೆ ಶುಗರ್. ಇದಕ್ಕೆ ಬೆಳಗಾವಿಗೂ ಬೆಂಗಳೂರಿಗೂ ಹೋಗಬೇಕಾಗಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲಿ ಬಿ.ಪಿ.-ಶುಗರ್ ರೋಗಿಗಳಿಗೆ ನಡೆಯುವ ಅಸಾಂಕ್ರಾಮಿಕ ರೋಗಗಳ ವಿಭಾಗವೇ ಸಾಕು. ದಾಂಡೇಲಿಯ ಕಾರ್ಮಿಕರಿಗೆ ಇಎಸ್ಐ ಆಸ್ಪತ್ರೆ ಇದೆ. ಸ್ವಿಟ್ಜರ್ಲೆಂಡ್ 1993ರಿಂದ ದಾನಿಗಳ ಆರೋಗ್ಯ ದಾಖಲೆಯನ್ನು ನಡೆಸುತ್ತಿರುವುದು ಇದೇ ರೀತಿಯಲ್ಲಿ. ದಾನಿ ತನ್ನ ಊರಿನ ವೈದ್ಯರಲ್ಲಿಗೆ ಹೋಗುತ್ತಾರೆ, ರಕ್ತ-ಮೂತ್ರದ ಮಾದರಿ ಕೇಂದ್ರಕ್ಕೆ ಹೋಗುತ್ತದೆ. ಅಮೆರಿಕದಲ್ಲಿ ಕಸಿ ಕೇಂದ್ರಗಳು ಆರು ತಿಂಗಳು, ಒಂದು ವರ್ಷ, ಎರಡು ವರ್ಷಕ್ಕೆ ದಾನಿಯ ವರದಿ ಒಪ್ಪಿಸಲೇಬೇಕು. ಹದಿನೈದು ವರ್ಷಕ್ಕೆ ಬರುವ ಅಪಾಯಕ್ಕೆ ಎರಡು ವರ್ಷದ ಕಾವಲು ಸಾಲದು. ಸ್ವಿಸ್ ಮಾದರಿಯೇ ನಮಗೆ ಹೊಂದುವಂಥದು.

ಬದುಕಿರುವಾಗಲೇ ಭಾಗಶಃ ಕೊಡಬಹುದಾದ ಇನ್ನೊಂದು ಅಂಗ ಯಕೃತ್ತು, ಅಂದರೆ ಲಿವರ್. ಅದರ ವಿಚಾರವನ್ನು ಬೇರೆಯಾಗಿ ಹೇಳಬೇಕು. ಕೊಟ್ಟ ಲಿವರ್ ಭಾಗ ಎರಡು-ಮೂರು ತಿಂಗಳಲ್ಲಿ ಬಹುಮಟ್ಟಿಗೆ ಮರಳಿ ಬೆಳೆಯುತ್ತದೆ ಎಂಬುದು ನಿಜ. ಆದರೆ ಆ ಶಸ್ತ್ರಚಿಕಿತ್ಸೆಯ ಅಪಾಯ ಕಿಡ್ನಿಯದಕ್ಕಿಂತ ಹಲವು ಪಟ್ಟು ಹೆಚ್ಚು. ಕಿಡ್ನಿಯಲ್ಲಿ ಅಪಾಯ ದೂರದ ವರ್ಷಗಳದು, ಲಿವರ್‌ನಲ್ಲಿ ಮೊದಲ ವಾರಗಳದು.

ಇಷ್ಟೆಲ್ಲ ಹೇಳಿದರೆ ಜನ ಹೆದರಿ ಹಿಂಜರಿಯುತ್ತಾರೆ, ಕಸಿಗಾಗಿ ಕಾಯುವವರು ಸಾಯುತ್ತಾರೆ ಎಂಬುದು ಗಂಭೀರವಾದ ಆಕ್ಷೇಪ. ಅದನ್ನು ತಳ್ಳಿಹಾಕಲಾಗದು: ವಾರಕ್ಕೆ ಎರಡು-ಮೂರು ಬಾರಿ, ಪ್ರತಿ ಬಾರಿ ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರಕ್ಕೆ ಕಟ್ಟಿಬಿದ್ದ ಬದುಕು ಏನೆಂದು ಬಲ್ಲ ಮನೆಗೆ ಕಿಡ್ನಿ ಎಂದರೆ ಮರುಹುಟ್ಟು. ಆದರೆ ಅರ್ಧ ಸತ್ಯ ಹೇಳಿ ಪಡೆದ ಒಪ್ಪಿಗೆ ಒಪ್ಪಿಗೆಯಲ್ಲ. ಅಪಾಯವನ್ನು ಅಂಕಿ ಸಮೇತ ಕೇಳಿಯೂ ‘ಕೊಡುತ್ತೇನೆ’ ಎನ್ನುವವರೇ ಹೆಚ್ಚು ಎಂಬುದು ಈಗಾಗಲೇ ಕೊಟ್ಟವರ ಮಾತಿನಿಂದ ಗೊತ್ತಾಗುತ್ತದೆ. ಬದುಕಿರುವವರ ಮೇಲಿನ ಒತ್ತಡ ಇಳಿಯಬೇಕಾದರೆ ಮಿದುಳು ನಿಷ್ಕ್ರಿಯವಾದವರ ಅಂಗದಾನ ಹೆಚ್ಚಬೇಕು. 2023ರಲ್ಲಿ ಇಡೀ ದೇಶದಲ್ಲಿ ಅಂಥ ದಾನಿಗಳು 1,099. ರಾಜ್ಯದ ಅಂಗದಾನ ಸಂಸ್ಥೆ ಜೀವಸಾರ್ಥಕತೆ ಮೂಲಕ ಕರ್ನಾಟಕದ ಪಾಲು 178, ದೇಶದ ಮುಂಚೂಣಿ ರಾಜ್ಯಗಳ ಸಾಲಿನಲ್ಲಿ. ಆದರೂ ದೇಶದಲ್ಲಿ ಬದುಕಿರುವಾಗ ಕೊಟ್ಟವರ 15 ಸಾವಿರದ ಮುಂದೆ ಆ 1,099 ಬಹಳ ಸಣ್ಣ ಸಂಖ್ಯೆ. ಸರ್ಕಾರಿ ಆಸ್ಪತ್ರೆಗೆ ಇದು ಇನ್ನೊಂದು ಹೊರೆ ಎಂಬ ಮಾತಂತೂ ನಿಲ್ಲುವುದಿಲ್ಲ. ಒಂದು ತಾಲ್ಲೂಕಿನಲ್ಲಿ ಕಿಡ್ನಿ ಕೊಟ್ಟವರು ಕೈಬೆರಳಲ್ಲಿ ಎಣಿಸುವಷ್ಟು. ಅವರೆಲ್ಲರ ವರ್ಷದ ಪರೀಕ್ಷೆಗೆ ಆಗುವ ಖರ್ಚು ಒಬ್ಬ ರೋಗಿಯ ಕೆಲವು ತಿಂಗಳ ಡಯಾಲಿಸಿಸ್ ಖರ್ಚಿಗೂ ಸಮವಾಗದು. ದಾನಿಗಳೇ ತಪಾಸಣೆಗೆ ಬರುವುದಿಲ್ಲ ಎಂದು ದೂರುವವರಿದ್ದಾರೆ. ಆರಾಮವಾಗಿರುವ ಮನುಷ್ಯ ಒಂದು ದಿನದ ಕೂಲಿ, ಇಬ್ಬರ ಬಸ್ ಚಾರ್ಜ್ ಕಳೆದುಕೊಂಡು ದೂರದ ಊರಿಗೆ ಏಕೆ ಹೋದಾನು? ಹತ್ತಿರ ತಂದರೆ ಬರುತ್ತಾರೆ.

ಕೇಂದ್ರ ಸರ್ಕಾರ 2023ರಲ್ಲಿ ತನ್ನ ನೌಕರರಿಗೆ ಅಂಗದಾನ ಮಾಡಿದರೆ 42 ದಿನಗಳವರೆಗೆ ವಿಶೇಷ ಸಾಂದರ್ಭಿಕ ರಜೆ ಕೊಟ್ಟಿದೆ. ಅದೇ ಗಾಯ ಗುತ್ತಿಗೆ ಕಾರ್ಮಿಕನಿಗೂ, ಕಬ್ಬು ಕಡಿಯುವವನಿಗೂ, ನಾಟಿ ಮಾಡುವವಳಿಗೂ ಆಗುತ್ತದೆ. ಬಡ ಕುಟುಂಬದ ಕಸಿಗೆ ರಾಜ್ಯ ಸರ್ಕಾರ ನೆರವು ನೀಡುವಾಗ ಪಡೆದವರ ಔಷಧದ ಜೊತೆ ಕೊಟ್ಟವರ ಆರು ವಾರದ ಕೂಲಿಯನ್ನೂ ಸೇರಿಸಬೇಕು. ಈ ಭಾಗದ ಕಾರ್ಖಾನೆಗಳು ತಮ್ಮ ಕಾಯಂ ಮತ್ತು ಗುತ್ತಿಗೆ ಕಾರ್ಮಿಕರಿಬ್ಬರಿಗೂ ಆ 42 ದಿನಗಳನ್ನು ಒಪ್ಪಿಕೊಳ್ಳಬೇಕು. ತಾಲ್ಲೂಕು ಆಸ್ಪತ್ರೆಗಳು ದಾನಿಗಳಿಗೆಂದು ಒಂದು ರಿಜಿಸ್ಟರ್ ತೆರೆಯಬೇಕು. ಅಷ್ಟರೊಳಗೆ, ನಿಮ್ಮ ಮನೆಯಲ್ಲಿ ಕಿಡ್ನಿ ಕೊಟ್ಟವರಿದ್ದರೆ ಬೀರುವಿನಿಂದ ಆ ತೆಳ್ಳಗಿನ ಫೈಲು ತೆಗೆದು ಕೊನೆಯ ಹಾಳೆಯ ತಾರೀಖು ನೋಡಿ. ವರ್ಷ ದಾಟಿದ್ದರೆ ಈ ಸೋಮವಾರವೇ ಅವರನ್ನು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.